ವರ್ಜೀನಿಯಾದಲ್ಲಿ ಸ್ಪೀಡಿಂಗ್ ಟಿಕೆಟ್: ದಂಡ ಕಟ್ಟಬೇಕೋ, ಕೋರ್ಟಿಗೆ ಹೋಗಬೇಕೋ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿ ನಿವಾಸಿ. ಕಳೆದ ವಾರ ಕುಟುಂಬದೊಡನೆ ವರ್ಜೀನಿಯಾದ ಇಂಟರ್‌ಸ್ಟೇಟ್ 81 ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ, ಗಂಟೆಗೆ 65 ಮೈಲಿ ಮಿತಿಯಿದ್ದ ಕಡೆ 78ರಲ್ಲಿ ಓಡಿಸುತ್ತಿದ್ದೆನೆಂದು ಪೊಲೀಸರು ಟಿಕೆಟ್ (ದಂಡದ ನೋಟಿಸ್) ಕೊಟ್ಟರು. ತಪ್ಪು ನನ್ನದೇ, ಇಳಿಜಾರಿನಲ್ಲಿ ವೇಗ ಏರಿದ್ದನ್ನು ಗಮನಿಸಲಿಲ್ಲ. ಆ ರಾಜ್ಯದಲ್ಲಿ ಮಿತಿಗಿಂತ 20 ಮೈಲಿ ಹೆಚ್ಚಾದರೆ ಅಥವಾ 85 ದಾಟಿದರೆ ಅದು ರೆಕ್‌ಲೆಸ್ ಡ್ರೈವಿಂಗ್ ಎಂಬ ಕ್ರಿಮಿನಲ್ ಅಪರಾಧವೇ ಆಗುತ್ತದೆಂದು ಆಮೇಲೆ ತಿಳಿದು ಮೈ ನಡುಗಿತು.

ಟಿಕೆಟ್‌ನಲ್ಲಿ ವಿಚಾರಣೆಯ ದಿನಾಂಕವಿದೆ. ಅದಕ್ಕೆ ಮೊದಲೇ ದಂಡ ಕಟ್ಟಿದರೆ ಹಾಜರಾಗಬೇಕಿಲ್ಲವಾದರೂ, ಕಟ್ಟುವುದೆಂದರೆ ತಪ್ಪೊಪ್ಪಿಕೊಂಡಂತೆ. ಆಗ ವಿಷಯ ನ್ಯೂಜೆರ್ಸಿಗೆ ತಲುಪಿ ನನ್ನ ಲೈಸೆನ್ಸ್ ಮೇಲೆ 2 ಪಾಯಿಂಟ್ (ಸಂಚಾರ ತಪ್ಪಿಗೆ ದಾಖಲಾಗುವ ಕಪ್ಪು ಅಂಕ) ಬೀಳುತ್ತದೆ, ಇನ್ಶೂರೆನ್ಸ್ ಕಂತೂ ಏರಬಹುದು. ಸುಮ್ಮನಿದ್ದುಬಿಡುವ ಮಾತಂತೂ ಇಲ್ಲ, ಏಕೆಂದರೆ ರಾಜ್ಯಗಳ ನಡುವಿನ ಒಪ್ಪಂದದ ಪ್ರಕಾರ ಉತ್ತರಿಸದವರ ಲೈಸೆನ್ಸ್ ತವರು ರಾಜ್ಯದಲ್ಲೇ ಅಮಾನತಾಗಬಹುದು.

ಇಂಥ ಪ್ರಕರಣದಲ್ಲಿ ತಾವು ಹೋಗದೆ ಅಲ್ಲಿನ ವಕೀಲರ ಮೂಲಕವೇ ಹಾಜರಾದವರು ಇಲ್ಲಿ ಯಾರಾದರೂ ಇದ್ದೀರಾ? ಸುರಕ್ಷಿತ ಚಾಲನೆ ಕಲಿಸುವ ಡ್ರೈವರ್ ಇಂಪ್ರೂವ್‌ಮೆಂಟ್ ತರಗತಿಯನ್ನು ವಿಚಾರಣೆಗೆ ಮುನ್ನವೇ ಮುಗಿಸಿ ಪ್ರಮಾಣಪತ್ರ ತೋರಿಸಿದ್ದಕ್ಕೆ ನ್ಯಾಯಾಧೀಶರು ಆರೋಪವನ್ನು ಕಡಿಮೆ ಮಾಡಿದ್ದುಂಟೇ? ಮಗು ಚಿಕ್ಕದಿರುವುದರಿಂದ ಅಷ್ಟು ದೂರದ ಪ್ರಯಾಣ ಮತ್ತೆ ಕಷ್ಟ. ಅನುಭವವಿದ್ದವರು ದಯವಿಟ್ಟು ತಿಳಿಸಿ.