ಸಹಾಯ ಬೇಕು: ಸ್ಪ್ಯಾನಿಷ್ ಭಾಷಿಕರ ಸ್ಮರಣೆ ತರಬೇತಿಯಲ್ಲಿ ಒಂದು ಗೊಂದಲ

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ (ರೋಗಿಗಳು ನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ/ಚಿಕಿತ್ಸಕ) ಆಗಿದ್ದೇನೆ. ಮಲ್ಟಿಪಲ್ ಸ್ಕ್ಲೆರೋಸಿಸ್ (ನೆನಪಿನ ಶಕ್ತಿಯನ್ನೂ ಕುಂದಿಸಬಲ್ಲ ನರಮಂಡಲದ ಕಾಯಿಲೆ) ಇರುವ ಮೆಕ್ಸಿಕೋ ಮೂಲದ ಮಹಿಳೆಯೊಬ್ಬರಿಗೆ, ಇಲ್ಲಿಯ ಪುನರ್ವಸತಿ ಸಂಶೋಧನಾ ಸಂಸ್ಥೆ ಕೆಸ್ಲರ್ ಫೌಂಡೇಶನ್‌ನ ಸಂಶೋಧಕರು ಬೆಳೆಸಿದ ಕಥಾಸ್ಮರಣೆಯ ವಿಧಾನದಲ್ಲಿ ತರಬೇತಿ ನೀಡುತ್ತಿದ್ದೇನೆ. ವಾರಕ್ಕೆ 2ರಂತೆ 5 ವಾರಗಳಲ್ಲಿ 10 ಪಾಠಗಳು: ಮೊದಲ 4ರಲ್ಲಿ ಕೇಳಿದ್ದನ್ನು ಕಣ್ಣಮುಂದೆ ಚಿತ್ರವಾಗಿಸಿಕೊಳ್ಳುವುದು, ನಂತರದ 4ರಲ್ಲಿ ಬಿಡಿ ಪದಗಳನ್ನು ಕಥೆಯಾಗಿ ಹೆಣೆಯುವುದು, ಕೊನೆಯ 2ರಲ್ಲಿ ಅದನ್ನು ನಿತ್ಯದ ಬದುಕಿಗೆ ಅನ್ವಯಿಸುವುದು.

ಆರಂಭದಲ್ಲಿ ನಾನು ಇಂಗ್ಲಿಷಿನಲ್ಲಿ ಬರೆದ ಅಭ್ಯಾಸದ ಕಥೆಗಳನ್ನೇ ದುಭಾಷಿಯಿಂದ ಸ್ಪ್ಯಾನಿಷ್‌ಗೆ ಅನುವಾದಿಸಿ ಓದಿಸಿದೆ. ಕ್ಯಾರೆಟ್ ಮೂಗಿನ ಹಿಮಮಾನವನ ಕಥೆ ಅವರ ಮನಸ್ಸಿನಲ್ಲಿ ನಿಲ್ಲಲೇ ಇಲ್ಲ. ಅದೇ ಪದಗಳನ್ನು ಬಳಸಿ, ತಮಾಲೆಸ್ (ಜೋಳದ ಹಿಟ್ಟಿನ ಮೆಕ್ಸಿಕನ್ ತಿನಿಸು) ಬೇಯುತ್ತಿರುವ ಹಬೆಪಾತ್ರೆಯ ಸುತ್ತ ಅವರೇ ಕಥೆ ಕಟ್ಟಿದಾಗ ಬಹುತೇಕ ಎಲ್ಲವೂ ನೆನಪಿದ್ದವು. ತಪ್ಪು ನನ್ನದೇ ಎಂದು ಒಪ್ಪಿಕೊಂಡು ಕಥೆಗಳನ್ನು ಬದಲಿಸಿದೆ.

ಈಗ 8 ಪಾಠಗಳು ಮುಗಿದಿವೆ. ಅವರು ಮನೆಯಲ್ಲಿ ಸ್ಪ್ಯಾನಿಷ್ ಆಡುತ್ತಾರೆ, ಆದರೆ ಔಷಧದ ಚೀಟಿ, ಕಚೇರಿಯ ಸೂಚನೆಗಳು, ವೈದ್ಯರ ಭೇಟಿಯ ದಿನಾಂಕ ಎಲ್ಲವೂ ಇಂಗ್ಲಿಷಿನಲ್ಲಿ ಬರುತ್ತವೆ. ಅವರು ಮರೆಯುವುದೂ ಇವನ್ನೇ.

ದ್ವಿಭಾಷಿಕರೊಂದಿಗೆ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಕೊನೆಯ 2 ಪಾಠಗಳನ್ನು ಇಂಗ್ಲಿಷಿನಲ್ಲಿ ಮಾಡಿಸಬೇಕೇ, ಅಥವಾ ಇಂಗ್ಲಿಷ್ ಸೂಚನೆಯನ್ನು ಓದಿ ಸ್ಪ್ಯಾನಿಷ್‌ನಲ್ಲೇ ಕಥೆ ಕಟ್ಟಲು ಕಲಿಸಬೇಕೇ?