ಪದಚರ್ಚೆ: 1926ರ ‘ಎಂ.ಎಲ್.ಸಿ.’, ‘ಡಿಸ್ಟ್ರಿಕ್ಟ್ ಪ್ಲೀಡರು’

ಪ್ರಶ್ನೆ: ಧಾರವಾಡ ಜಿಲ್ಲೆಯ ಒಬ್ಬ ಹಳೆಯ ವಕೀಲರ ಚರಿತ್ರೆಯನ್ನು ಮರುಮುದ್ರಣಕ್ಕೆ ಅಣಿಮಾಡುತ್ತಿದ್ದೇನೆ. 1926ರ ಬರಹದಲ್ಲಿ ಅವರು ‘ಡಿಸ್ಟ್ರಿಕ್ಟ್ ಪ್ಲೀಡರು, ವಾರಪತ್ರದ ಚಾಲಕರು, ಎಂ.ಎಲ್.ಸಿ.’ ಎಂದಿದೆ. ಇದರಲ್ಲಿ ಪ್ಲೀಡರು, ಎಂ.ಎಲ್.ಸಿ. ಎಂಬುವನ್ನು ‘ಜಿಲ್ಲಾ ಸರ್ಕಾರಿ ವಕೀಲರು, ವಿಧಾನ ಪರಿಷತ್ ಸದಸ್ಯರು’ ಎಂದು ತಿದ್ದಬಹುದೇ? ‘ಚಾಲಕ’ ಎಂದರೆ?

ಉತ್ತರ: ದಯವಿಟ್ಟು ಹಾಗೆ ತಿದ್ದಬೇಡಿ, ಸರ್. ಎರಡೂ ತಪ್ಪಾಗುತ್ತವೆ.

ಧಾರವಾಡ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1937ರವರೆಗೆ ಇದ್ದದ್ದು ಒಂದೇ ಸಭೆ, ಲೆಜಿಸ್ಲೇಟಿವ್ ಕೌನ್ಸಿಲ್. ಅದರ ಸದಸ್ಯರೇ ಎಂ.ಎಲ್.ಸಿ. ಹುಬ್ಬಳ್ಳಿಯ ವಕೀಲ ಸಿದ್ದಪ್ಪ ಕಂಬಳಿಯವರು ಮಂತ್ರಿಯಾದದ್ದೂ ಆ ಕೌನ್ಸಿಲ್ಲಿನಿಂದಲೇ. 1935ರ ಭಾರತ ಸರ್ಕಾರ ಕಾಯಿದೆ ಜಾರಿಗೆ ಬಂದ ಮೇಲೆ 1937ರಲ್ಲಿ ಅಸೆಂಬ್ಲಿ ಬಂತು, ಕೌನ್ಸಿಲ್ ಮೇಲ್ಮನೆಯಾಯಿತು. ಆದ್ದರಿಂದ 1926ರ ಎಂ.ಎಲ್.ಸಿ. ಕೆಲಸದಲ್ಲಿ ಇಂದಿನ ಶಾಸಕರಿಗೇ ಹತ್ತಿರ. ‘ಮುಂಬಯಿ ಲೆಜಿಸ್ಲೇಟಿವ್ ಕೌನ್ಸಿಲ್ ಸದಸ್ಯರು’ ಎಂದು ಇಸವಿಯ ಸಮೇತ ಬರೆಯಿರಿ. ಮೈಸೂರಿನವರಾಗಿದ್ದರೆ ಲೆಕ್ಕವೇ ಬೇರೆ: ಅಲ್ಲಿ 1881ರ ಪ್ರಜಾಪ್ರತಿನಿಧಿ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, 1907ರ ನ್ಯಾಯವಿಧಾಯಕ ಸಭೆ ಇನ್ನೊಂದು. ಬರೀ ‘ಮೆಂಬರು’ ಎಂದಿದ್ದರೆ ಯಾವ ಸಭೆ ಎಂದು ನೋಡದೆ ‘ಶಾಸಕ’ ಎನ್ನಬಾರದು.

ಡಿಸ್ಟ್ರಿಕ್ಟ್ ಪ್ಲೀಡರು ಎಂದರೆ ಜಿಲ್ಲೆಯ ಕೋರ್ಟುಗಳಲ್ಲಿ ವಾದಿಸಲು ಸನದು (ಅನುಮತಿ ಪತ್ರ) ಪಡೆದವರು, ಅಷ್ಟೇ. ಸರ್ಕಾರದ ಪರ ನಿಲ್ಲುವವರು ‘ಗವರ್ನಮೆಂಟ್ ಪ್ಲೀಡರು’. ‘ಹೈಕೋರ್ಟ್ ವಕೀಲ’ ಎಂಬುದು ಅದಕ್ಕಿಂತ ಮೇಲಿನ ದರ್ಜೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವ ಹಾಗಿಲ್ಲ. ಇನ್ನೊಂದು ಮಾತು: ಅಸಹಕಾರದ ಕಾಲದ ಚರಿತ್ರೆಗಳಲ್ಲಿ ‘ವಕೀಲಿ ಬಿಟ್ಟರು’ ಎಂದರೆ ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿದರು. ಅದನ್ನು ‘ಸನದು ಹಿಂತಿರುಗಿಸಿದರು’ ಎಂದು ಬೆಳೆಸಬೇಡಿ, ದಾಖಲೆ ಬೇರೆಯೇ ಬೇಕು.

‘ಚಾಲಕ’ ಮರಾಠಿಯ ಬಳಕೆ: ಪತ್ರಿಕೆ ನಡೆಸುವವನು. ಹಾಗೇ ಬಿಟ್ಟರೆ ಇಂದಿನ ಓದುಗ ಡ್ರೈವರ್ ಎಂದುಕೊಂಡಾನು, ‘ನಡೆಸುತ್ತಿದ್ದರು’ ಎಂದರೆ ಸಾಕು. ‘ಸಂಪಾದಕ’ ಮಾಡುವ ಮೊದಲು ಸಂಚಿಕೆಯ ಕೊನೆಯ ಪುಟ ನೋಡಿ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯಂತೆ ಮುದ್ರಕರ ಹೆಸರು, ಮುದ್ರಣದ ಸ್ಥಳ ಅಚ್ಚಾಗಲೇಬೇಕಿತ್ತು. ಸಂಪಾದಕರ ಹೆಸರು ಕಡ್ಡಾಯವಾದದ್ದು 1922ರ ತಿದ್ದುಪಡಿಯಿಂದ. ಅದಕ್ಕೂ ಹಿಂದಿನ ಸಂಚಿಕೆಗಳಲ್ಲಿ ಅಗ್ರಲೇಖನ ಬರೆದ ವಕೀಲರ ಹೆಸರೇ ಇಲ್ಲದಿರಬಹುದು. 1910ರ ಪ್ರೆಸ್ ಕಾಯಿದೆಯ ಪ್ರಸಂಗದಲ್ಲಿ ‘ಜಾಮೀನು’ ಎಂಬ ಮಾತು ಬಂದರೆ ಅದು ಜೈಲಿನಿಂದ ಬಿಡಿಸುವ ಜಾಮೀನಲ್ಲ, ಹೊಸ ಮುದ್ರಣಾಲಯ 500ರಿಂದ 2000 ರೂಪಾಯಿವರೆಗೆ ಕಟ್ಟಬೇಕಿದ್ದ ಠೇವಣಿ.