ಮಂಡಿನೋವಿಗೆ ಆಸ್ಪತ್ರೆಗೆ ಹೋದಾಗ ಪಕ್ಕದಲ್ಲಿ ಕೂತವರ ಮಾತು ಎಷ್ಟು ಕೇಳಬಹುದು? ಅನುಭವ ಇದ್ದವರು ಹೇಳಿ

ಕೇಳಿದವರು:
ಅಮ್ಮನಿಗೆ ಎರಡೂ ಮಂಡಿ ನೋವು. ಡಾಕ್ಟರನ್ನು ಕಾಯುತ್ತಾ ಕೂತಿದ್ದಾಗ ಪಕ್ಕದ ಹೆಂಗಸೊಬ್ಬರು ತಾವಾಗಿಯೇ ಮಾತಿಗಿಳಿದರು. ತಮ್ಮ ಆಪರೇಷನ್ ಗೆರೆ ತೋರಿಸಿದರು, ನಂಬರ್ ಕೊಟ್ಟರು. ಈಗ ಅಮ್ಮನಿಗೆ ಡಾಕ್ಟರಿಗಿಂತ ಅವರ ಮೇಲೇ ನಂಬಿಕೆ ಜಾಸ್ತಿ. ನಿಮಗೂ ಹೀಗೆ ಯಾರಾದರೂ ಸಿಕ್ಕಿದ್ದರಾ?

ಎಡಮಂಡಿ:
ಸಿಕ್ಕಿದ್ದರು. ಅವರಿಲ್ಲದಿದ್ದರೆ ನಾನಿನ್ನೂ ಗೋಡೆ ಹಿಡಿದೇ ಓಡಾಡುತ್ತಿದ್ದೆ. ವಾಕರ್ ಹಿಡಿದ ವಯಸ್ಸಾದವರೊಬ್ಬರು ಎಕ್ಸ್‌ರೇ ಕೋಣೆ ಮುಂದೆ "ನಿಂತೇ ತೆಗೆಸಿಕೊಳ್ಳಮ್ಮ" ಅಂದರು. ಮಲಗಿ ತೆಗೆದರೆ ಮಂಡಿಯ ಮೇಲೆ ಭಾರ ಬೀಳುವುದಿಲ್ಲ, ಸವೆತ ಕಡಿಮೆ ಕಾಣುತ್ತದೆ. ತೊಡೆಯ ಸ್ನಾಯು ಬಿಗಿ ಹಿಡಿದು ಬಿಡುವ ವ್ಯಾಯಾಮವನ್ನು ಆಪರೇಷನ್‌ಗೆ ಮೊದಲೇ ಶುರು ಮಾಡು ಅಂತಲೂ ಹೇಳಿಕೊಟ್ಟರು, ಅಲ್ಲೇ ಕುರ್ಚಿಯಲ್ಲಿ ಕೂತು ಮಾಡಿ ತೋರಿಸಿ.

ಮಂಡಿ ಬದಲಾಯಿಸಿದ ಮೇಲಿನ ಕಷ್ಟ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮರುದಿನವೇ ನಡೆಸಿದರು, ಅದು ಸುಲಭ. ಮಡಚುವುದು ನರಕ. 90 ಡಿಗ್ರಿ ಬರಬೇಕು ಅಂತ ಫಿಸಿಯೋದವರು ಒತ್ತುವಾಗ ದಿಂಬು ಕಚ್ಚಿಕೊಂಡಿದ್ದೇನೆ. ಖರ್ಚೂ ಅಷ್ಟೇ. ಮೊದಲು ಹೇಳಿದ ಲೆಕ್ಕದಲ್ಲಿ ಫಿಸಿಯೋ ಇರಲಿಲ್ಲ, ವಾಕರ್ ಇರಲಿಲ್ಲ, ಕಮೋಡಿನ ಮೇಲೆ ಇಡುವ ಎತ್ತರದ ಸೀಟ್ ಇರಲಿಲ್ಲ, ಬಿಗಿ ಸಾಕ್ಸ್ ಇರಲಿಲ್ಲ, ಐಸ್ ಬ್ಯಾಗ್ ಕೂಡ ಇರಲಿಲ್ಲ. ಆದರೂ ಮಾಡಿಸಿಕೊಂಡಿದ್ದೇ ಸರಿ.

ಬೆರಳುಗಂಟು:
ಎಲ್ಲರ ನೋವೂ ಸವೆತದ್ದಲ್ಲ. ನನಗೂ "ವಯಸ್ಸು, ಸವೆತ" ಅಂತ ಹೇಳಿ ನೋವಿನ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಸರದಿಯಲ್ಲಿದ್ದ ಹುಡುಗಿಯೊಬ್ಬಳು ನನ್ನ ಬೆರಳು ನೋಡಿ, "ಬೆಳಿಗ್ಗೆ ಎದ್ದಾಗ ಎಷ್ಟು ಹೊತ್ತು ಬಿಗಿಯಾಗಿರುತ್ತೆ ಅಂಕಲ್?" ಅಂತ ಕೇಳಿದಳು. ಒಂದು ಗಂಟೆಗೂ ಮೇಲೆ ಅಂದೆ. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತೆ, ನೀವು ರುಮಟಾಲಜಿಸ್ಟ್, ಅಂದರೆ ಕೀಲುವಾತದ ಡಾಕ್ಟರ್ ಹತ್ತಿರ ಹೋಗಿ ಅಂದಳು. ಅವಳಿಗೂ ಅದೇ ಕಾಯಿಲೆ. ರಕ್ತ ಪರೀಕ್ಷೆಯಲ್ಲಿ ಈ ಕಾಯಿಲೆಯ ಗುರುತಾದ ಆಂಟಿ ಸಿಸಿಪಿ ಪಾಸಿಟಿವ್ ಬಂತು. ರುಮಟಾಯ್ಡ್, ಅಂದರೆ ದೇಹದ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ವಾತ.

ಈಗ ಅದನ್ನು ಹತೋಟಿಯಲ್ಲಿಡುವ ಮೆಥೊಟ್ರೆಕ್ಸೇಟ್ ಮೇಲಿದ್ದೇನೆ. ವಾರಕ್ಕೆ ಒಂದೇ ದಿನದ ಮಾತ್ರೆ ಅದು. ದಿನಾ ತಗೊಂಡರೆ ಜೀವಕ್ಕೇ ಅಪಾಯ. ಲಿವರ್ ಮತ್ತು ರಕ್ತದ ಟೆಸ್ಟ್ ಬಿಡುವ ಹಾಗೇ ಇಲ್ಲ, ಲ್ಯಾಬಿನ ಖರ್ಚು ಮುಗಿಯುವುದೇ ಇಲ್ಲ. ಆ ಹುಡುಗಿ ಇವತ್ತಿಗೂ "ಅಂಕಲ್, ಈ ವಾರದ ಮಾತ್ರೆ ಆಯ್ತಾ?" ಅಂತ ಮೆಸೇಜ್ ಹಾಕುತ್ತಾಳೆ. ನನ್ನ ಮಗ ಒಮ್ಮೆಯೂ ಕೇಳಿಲ್ಲ, ಬಿಡಿ.

ಪುಡಿ ತಿಂದವಳು:
ನೀವೆಲ್ಲ ಅದೃಷ್ಟವಂತರು. ನನಗೆ ಸಿಕ್ಕವಳು ಜೇನಿನ ಹಾಗೆ ಮಾತಾಡಿದಳು. ಟೋಕನ್ ಕರೆದಾಗ ಕೈ ಹಿಡಿದು ಎಬ್ಬಿಸಿದಳು, ಅಳುವಾಗ ಬೆನ್ನು ಸವರಿದಳು. ಕೊನೆಗೆ ಬ್ಯಾಗಿನಿಂದ ತೆಗೆದಿದ್ದು ಪುಡಿ ಡಬ್ಬ. ನೋವು ಮಾಯ! ಓಡಾಡಿದ್ದೇ ಓಡಾಡಿದ್ದು. ಆಮೇಲೆ ಮುಖ ಊದಿತು, ಶುಗರ್ ಏರಿತು, ಚರ್ಮ ಮುಟ್ಟಿದರೆ ನೀಲಿಗಟ್ಟುತ್ತಿತ್ತು. ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿದ್ದರು. ದಿಢೀರ್ ಅಂತ ನಿಲ್ಲಿಸುವ ಹಾಗೂ ಇರಲಿಲ್ಲ, ದೇಹ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದಂತೆ. ಡಾಕ್ಟರ್ ಸ್ವಲ್ಪ ಸ್ವಲ್ಪವೇ ಇಳಿಸಿದರು. ಆಸ್ಪತ್ರೆ ಬೆಂಚಿನ ಸ್ನೇಹ ನನಗೆ ಸಾಕಪ್ಪಾ ಸಾಕು.

ಎಡಮಂಡಿ:
ಪುಡಿ ಮಾರಿದವಳಿಗೂ ವ್ಯಾಯಾಮ ಹೇಳಿಕೊಟ್ಟವರಿಗೂ ವ್ಯತ್ಯಾಸ ಇಲ್ವಾ ಮೇಡಂ? ಅವರು ನನ್ನಿಂದ ಏನೂ ತಗೊಂಡಿಲ್ಲ.

ಪುಡಿ ತಿಂದವಳು:
ನನ್ನವಳೂ ಮೊದಲ ಡಬ್ಬ ಸುಮ್ನೇ ಕೊಟ್ಟಿದ್ದಳು. ಕಾಸು ಕೇಳಿದ್ದು ಎರಡನೆಯದಕ್ಕೆ.

ಅರ್ಧಮಂಡಿ:
ಜಗಳ ಆಮೇಲೆ ಆಡಿ. ಪೂರ್ತಿ ಮಂಡಿ ಬದಲಾಯಿಸಲು ಇಷ್ಟು ಅವಸರ ಯಾಕೆ? ಒಳಭಾಗ ಮಾತ್ರ ಸವೆದಿದ್ದರೆ ಅಷ್ಟನ್ನೇ ಬದಲಾಯಿಸಬಹುದು. ನಾನು ಹಾಗೇ ಮಾಡಿಸಿದ್ದು. ಬೇಗ ಎದ್ದೆ, ಚೆನ್ನಾಗಿ ಮಡಚುತ್ತೇನೆ.

ಎಡಮಂಡಿ:
ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ 2019ರ ಅಧ್ಯಯನ ಓದಿ ಸರ್. 25 ವರ್ಷ ಉಳಿಯುವುದು ಪೂರ್ತಿ ಮಂಡಿಯಲ್ಲಿ ನೂರಕ್ಕೆ ಸುಮಾರು 82, ನಿಮ್ಮ ಅರ್ಧ ಮಂಡಿಯಲ್ಲಿ 70.

ಅರ್ಧಮಂಡಿ:
ನಿಮ್ಮ ಮಂಡಿ 25 ವರ್ಷ ಬರಲಿ, ಸಂತೋಷ. ನೆಲದ ಮೇಲೆ ಕೂತು ಎದ್ದು ತೋರಿಸಿ, ಆಮೇಲೆ ಅಧ್ಯಯನ ಮಾತಾಡೋಣ.

ಬೆರಳುಗಂಟು:
ಅವರು ಕೇಳಿದ್ದೇನು, ನೀವಿಬ್ಬರೂ ಆಡುತ್ತಿರುವುದೇನು?

ಕೇಳಿದವರು:
ಅದೇ ನಾನೂ ನೋಡುತ್ತಿದ್ದೇನೆ ಸರ್. ಎರಡೂ ಮಂಡಿ ಒಟ್ಟಿಗೇ ಮಾಡಿಸಿ ಅಂತ ಆ ಹೆಂಗಸು ಹೇಳಿದ್ದಾರೆ. ಅಮ್ಮನಿಗೆ ಹೃದಯದ ತೊಂದರೆ ಬೇರೆ ಇದೆ.

ಎಡಮಂಡಿ:
ಇದನ್ನು ಮೊದಲೇ ಹೇಳಬಾರದಿತ್ತಾ? ಒಟ್ಟಿಗೆ ಮಾಡಿದರೆ ಹೃದಯದ ಮೇಲೆ ಒತ್ತಡ ಜಾಸ್ತಿ, ರಕ್ತ ಹೆಪ್ಪುಗಟ್ಟುವ ಅಪಾಯವೂ ಜಾಸ್ತಿ. ಹೃದಯದ ಡಾಕ್ಟರ್, ಅರಿವಳಿಕೆ ಡಾಕ್ಟರ್ ಇಬ್ಬರೂ ಒಪ್ಪದೆ ಅದರ ಮಾತೇ ಬೇಡ. ಆ ಹೆಂಗಸಿಗೆ ಫೋನ್ ಮಾಡಿ, ಸೀಟ್ ಎಷ್ಟು ಎತ್ತರದ್ದು ತಗೊಂಡರು ಅಂತ ಕೇಳಿ. ಅದು ಅವರಿಗೆ ಗೊತ್ತಿರುತ್ತೆ.

ಅರ್ಧಮಂಡಿ:
ಸೀಟೇ ಬೇಡ. ನಾನು ಒಂದು ದಿನವೂ ಬಳಸಲಿಲ್ಲ.

ಎಡಮಂಡಿ:
ನಿಮ್ಮದು ಅರ್ಧ ಅಲ್ವಾ ಸರ್!